ಮಗಳ ಗೌನು ತೊಟ್ಟ ಫೋಟೊ

ಮನೆಯ ಗೋಡೆಗೆ ಏನನ್ನಾದರೂ ತೂಗುಹಾಕುವ ಮುಂಚೆ ಹತ್ತು ಸಲ ಯೋಚಿಸಬೇಕು. ಇಳಿಸುವ ಪಾಳಿಯೂ ನಮಗೇ ಬರುತ್ತದೆ. ನಾನು ಸೊಲ್ಲಾಪುರ ರಸ್ತೆಯ ದರ್ಜಿ, ಎಸ್ಸೆಸ್ಸೆಲ್ಸಿ ನಪಾಸು. ಮಗಳು ಭಾಗ್ಯಾ ಇತಿಹಾಸದಲ್ಲಿ ಎಂ.ಎ. ಮುಗಿಸಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಘಟಿಕೋತ್ಸವದ ದಿನ ಅವಳ ಕರಿ ಗೌನು ಹಿಡಿದು ನೋಡಿ, "ಬರೇ ತೋಳಿನ್ಯಾಗ ಎರಡು ಜಂಪರ್ ಆಗೂವಷ್ಟು ಅರಿವಿ ಹಾಳ ಮಾಡ್ಯಾರ" ಎಂದು ಬೈದೆ. ಅವಳು ನಗುತ್ತ ಅದನ್ನು ನನಗೇ ತೊಡಿಸಿ, ಟೊಪ್ಪಿಗೆ ಇಟ್ಟು, "ಅರ್ಧಾ ಡಿಗ್ರಿ ನಿಂದಪ್ಪಾ" ಎಂದು ಫೋಟೊ ತೆಗೆಸಿದಳು. ಅವಳದೊಂದು, ನನ್ನದೊಂದು, ಎರಡೂ ಪಡಸಾಲೆಯ ಗೋಡೆ ಏರಿದವು. ಬಂದವರಿಗೆ ಚಹಾಕ್ಕಿಂತ ಮೊದಲು ಫೋಟೊ ತೋರಿಸುತ್ತಿದ್ದೆ.

ಓದಿದ ಹುಡುಗಿಗೆ ವರಗಳು ಸಾಲುಗಟ್ಟುತ್ತವೆ ಎಂದುಕೊಂಡಿದ್ದೆ, ನನ್ನಂಥ ಹುಚ್ಚಪ್ಪ ಇನ್ನೊಬ್ಬನಿಲ್ಲ! ನಮ್ಮ ಕಡೆ ಎತ್ತರ, ವಯಸ್ಸು, ಡಿಗ್ರಿ ಎಲ್ಲದರಲ್ಲೂ ಗಂಡು ಒಂದು ಗೇಣು ಮೇಲಿರಬೇಕು. ಹೆಣ್ಣು ನೋಡಲು ಬಂದ ತಿಕೋಟಾದವರು ಶಿರಾ, ಉಪ್ಪಿಟ್ಟು ತಿಂದು, ಗೋಡೆ ನೋಡಿ, "ಹುಡುಗಿ ಭಾಳ ಕಲ್ತಾಳ ಬಿಡ್ರಿ, ನಮ್ಮ ಹುಡುಗ ಬರೇ ಬಿ.ಎ." ಎಂದು ಎದ್ದರು. ಅವರ ನಂತರ ಬಂದವರದೂ ಅದೇ ರಾಗ.

ಬಬಲೇಶ್ವರದ ಬಿ.ಕಾಂ. ಹುಡುಗನ ಮನೆಯವರು ಬರುವ ದಿನ ನನ್ನ ಹೆಂಡತಿ ಶಾಂತವ್ವ ನನ್ನ ಕೈಯಿಂದಲೇ ಎರಡೂ ಫೋಟೊ ಇಳಿಸಿ ಟ್ರಂಕಿಗೆ ಹಾಕಿಸಿದಳು. "ಎಂ.ಎ. ಅಂತ ಬಾಯಿ ಬಿಟ್ರ ನೋಡ್ರಿ ಮತ್ತ!" ಎಂದಳು.

ಹುಡುಗನ ಸೋದರಮಾವ ಕೇಳಿದರು: "ಎಲ್ಲೀತನಕ ಕಲ್ತೀಯವ್ವಾ?"

ಅವಳು ನನ್ನ ಮುಖ ನೋಡಿದಳು. ಬುತ್ತಿ ಕಟ್ಟಿಕೊಂಡು ದಿನಾ ಬೆಳಗಿನ ಬಸ್ಸಿಗೆ ಓಡುತ್ತಿದ್ದ ಹುಡುಗಿ. ನಾನೇ ಗಂಟಲು ಸರಿಮಾಡಿಕೊಂಡು, "ಬಿ.ಎ. ರೀ" ಎಂದೆ. ಜೀವಮಾನವಿಡೀ ಕತ್ತರಿ ಹಿಡಿದವನು ನಾನು, ಆದರೆ ಅವತ್ತು ಮಗಳ ಡಿಗ್ರಿ ಕತ್ತರಿಸಿದಾಗ ಆದಷ್ಟು ಸಂಕಟ ಎಂದೂ ಆಗಿರಲಿಲ್ಲ.

"ಹೆಣ್ಮಕ್ಕಳಿಗೆ ಇಷ್ಟ ಸಾಕ್ರಿ" ಎಂದು ಅವರು ಒಪ್ಪಿ, ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು.

ಅವರು ಹೋದ ಮೇಲೆ ಭಾಗ್ಯಾ ಟ್ರಂಕು ತೆರೆದಳು. ತನ್ನ ಫೋಟೊವನ್ನು ಹಳೆ ಸೀರೆಯಲ್ಲಿ ಸುತ್ತಿ ತಳಕ್ಕಿಟ್ಟು, ನನ್ನದನ್ನು ಮಾತ್ರ ಒರೆಸಿ ಮತ್ತೆ ಗೋಡೆಗೆ ಹಾಕಿದಳು.

"ಅದನ್ನೂ ತಗೀವ್ವಾ, ಬೀಗರು ನೋಡ್ಯಾರು" ಎಂದೆ.

"ಇರ್ಲಿ ಬಿಡಪ್ಪಾ. ಗಂಡಸರು ಎಷ್ಟ ಕಲ್ತ್ರೂ ಯಾರೂ ಬ್ಯಾಡ ಅನ್ನಂಗಿಲ್ಲ."

ಮೊನ್ನೆ ಲಗ್ನದ ಮಾತಿಗೆ ಬೀಗರು ಬಂದಿದ್ದರು. ಗೋಡೆ ನೋಡಿ, "ಅಯ್ಯ, ನೀವು ಇಷ್ಟ ಕಲ್ತವ್ರು ಅಂತ ಗೊತ್ತಿರ್ಲಿಲ್ರಿ!" ಎಂದು ಎದ್ದು ನಿಂತು ಕೈಮುಗಿದರು. ನಾನೂ ಎದ್ದು ಕೈಮುಗಿದೆ. ನಮ್ಮ ಮನೆಯ ಎಂ.ಎ. ಚಹಾದ ಟ್ರೇ ಹಿಡಿದು, ನಾವು ಕೂರುವುದನ್ನೇ ಕಾಯುತ್ತ ನಿಂತಿತ್ತು.