ಮುಯ್ಯಾಳಿಗೆ ಬಂದ ಕಂಪ್ಯೂಟರುಗಳು

ನಾನು ಗಂಭೀರವಾಗಿ ಕೈಹಾಕಿದ ಕೆಲಸಗಳೇ ಕೊನೆಗೆ ನಗೆಪಾಟಲಾಗುವುದು. ತಮಾಷೆ ಮಾಡೋಣ ಎಂದು ಹೊರಟ ದಿನ ಯಾರೂ ನಕ್ಕಿದ್ದು ನೆನಪಿಲ್ಲ. ಹೀಗೇಕೆ ಎಂದು ಹೆಂಡತಿಯನ್ನು ಕೇಳಿದರೆ, "ನಿಮ್ಮ ಗಂಭೀರ ಮುಖಾನ ಹಂಗೈತಿ ಬಿಡ್ರಿ" ಎನ್ನುತ್ತಾಳೆ.

ಇಸವಿ ಎರಡು ಸಾವಿರ ದಾಟಿದ ಹೊಸತು. ಕೊಟ್ಟೂರಿನಲ್ಲಿ ನನ್ನದೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಆಗ ಹೊರದೇಶದ ಕೆಲವು ಪ್ರೊಫೆಸರುಗಳು ಒಂದು ದೊಡ್ಡ ಸಂಖ್ಯೆಯನ್ನು ಹುಡುಕುತ್ತಿದ್ದಾರೆ ಎಂದು ಪತ್ರಿಕೆಯೊಂದರಲ್ಲಿ ಓದಿದೆ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ. ಬರೆಯುತ್ತ ಹೋದರೆ ನೋಟ್‌ಬುಕ್ಕುಗಳೇ ತುಂಬುವಷ್ಟು ಉದ್ದ. ಒಂದು ಕಂಪ್ಯೂಟರಿನಿಂದ ಆಗುವ ಕೆಲಸವಲ್ಲ. ಅದಕ್ಕೆ ಲೋಕದಲ್ಲಿ ಯಾರೇ ಆಗಲಿ, ತಮ್ಮ ಕಂಪ್ಯೂಟರ್ ಸುಮ್ಮನಿರುವ ಹೊತ್ತಿನಲ್ಲಿ ಹುಡುಕಾಟದ ಒಂದು ಪಾಲು ಮಾಡಿಕೊಡಬಹುದಿತ್ತು. ಗುಂಪು ಕಟ್ಟಿಕೊಂಡರೆ ದೊಡ್ಡ ಪಾಲು. ಮೂರು ತಿಂಗಳಲ್ಲಿ ಮುಗಿಸಿದರೆ ಗುಂಪಿನ ಹೆಸರು ಅವರ ವೆಬ್‌ಸೈಟಿನಲ್ಲಿ ಬರುತ್ತದೆ. ಮುಗಿಸದಿದ್ದರೆ ಪಾಲನ್ನು ಕಿತ್ತು ಬೇರೆಯವರಿಗೆ ಕೊಡುತ್ತಾರೆ, ಹೆಸರನ್ನು ತೆಗೆದುಹಾಕುತ್ತಾರೆ. ದುಡ್ಡಿನ ಮಾತೇ ಇಲ್ಲ.

ನನಗೆ ಆ ಹೆಸರು ಬೇಕಾಗಿತ್ತು. ಜಪಾನು, ಜರ್ಮನಿಗಳ ಸಾಲಿನಲ್ಲಿ ನಮ್ಮ ಊರುಗಳು ಕಾಣಬೇಕು ಎಂಬ ಆಸೆ ತಲೆಗೆ ಹತ್ತಿಬಿಟ್ಟಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು ಎಂದು ಒಟ್ಟಿಗೆ ಬರೆದದ್ದು ಬಸ್ಸಿನ ಬೋರ್ಡಿನಲ್ಲಿ ಬಿಟ್ಟರೆ ಇನ್ನೆಲ್ಲೂ ನಾನು ನೋಡಿರಲಿಲ್ಲ. ಊರಿಗೊಬ್ಬರಂತೆ ಹಿಡಿದು "ಐದೂರು ಬಳಗ" ಎಂದು ಹೆಸರು ಕೊಟ್ಟೆ.

ಸಾಹುಕಾರರು ಸೇರಿದ್ದು

ಹಗರಿಬೊಮ್ಮನಹಳ್ಳಿಯಲ್ಲಿ ರೈತರ ಶೇಂಗಾ ಮಾರಿಸಿಕೊಡುವ ಅಡತಿ ಅಂಗಡಿಯ ಸಾಹುಕಾರರೊಬ್ಬರು ಲೆಕ್ಕ ಬರೆಯಲು ಕಂಪ್ಯೂಟರ್ ತಂದಿದ್ದರು. ನಾನು ಹೋಗಿ ಎಲ್ಲವನ್ನೂ ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಸಿಕ್ಕ ಮ್ಯಾಲೆ ಆ ಸಂಖ್ಯೆ ಯಾರು ಕೊಳ್ತಾರ?"

"ಯಾರೂ ಕೊಳ್ಳಂಗಿಲ್ರಿ."

"ಮಳಿ ಬೆಳಿ ಏನರ ಹೇಳ್ತೈತೇನು?"

"ಇಲ್ರಿ."

"ಜಡ್ಡು ಜಾಪತ್ರಿ ವಾಸಿ ಮಾಡ್ತೈತೇನು?"

"ಅದೂ ಇಲ್ರಿ. ಅಂಥಾದ್ದೊಂದು ಐತಿ ಅಂತ ಗೊತ್ತಾಗ್ತೈತಿ, ಅಷ್ಟ."

ಇನ್ನು ಇವರು ಎದ್ದು ಹೋಗು ಎನ್ನುತ್ತಾರೆ ಎಂದು ಚೀಲ ಹೆಗಲಿಗೇರಿಸಿಕೊಂಡೆ. ಸಾಹುಕಾರರು ಕಣ್ಣು ಬಿಟ್ಟರು.

"ದೇವರದ್ದೂ ಹಂಗ ಅಲ್ಲೇನ್ರಿ? ಬರಕೊಳ್ರಿ ನಮ್ಮ ಹೆಸರು."

ಮಲ್ಲಿಗೆ ಪಾರ್ಸೆಲ್

ಆಗ ಇಂಟರ್‌ನೆಟ್ ಇದ್ದದ್ದು ನನ್ನ ಕೇಂದ್ರದಲ್ಲಿ ಮಾತ್ರ. ಅದೂ ಫೋನಿನ ತಂತಿ ಕುಯ್ಯೋ ಮುರ್ರೋ ಎಂದು ಅತ್ತ ಮೇಲೆ ಮನಸ್ಸಿದ್ದರೆ ಬರುತ್ತಿತ್ತು. ಹಾಗಾಗಿ ನಾನು ಪಾಲನ್ನು ತುಂಡು ತುಂಡು ಮಾಡಿ ಫ್ಲಾಪಿಗೆ ಹಾಕಿ ಬಸ್ಸಿನಲ್ಲಿ ಕಳಿಸಬೇಕು. ಅವರು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಲೆಕ್ಕ ಮುಗಿಸಿ ಅದೇ ಫ್ಲಾಪಿಯನ್ನು ಬಸ್ಸಿಗೆ ಹಾಕಬೇಕು. ಕಂಡಕ್ಟರುಗಳಿಗೆ ಫ್ಲಾಪಿ ಎಂದರೆ ಅಸಡ್ಡೆ. ಸೀಟಿನ ಕೆಳಗೆ ಎಸೆದು ಮರೆಯುವರು. ನಮ್ಮ ಒಂದು ಫ್ಲಾಪಿ ಕೂಡ್ಲಿಗಿಯಲ್ಲಿ ಇಳಿಯದೆ ಚಿತ್ರದುರ್ಗ ನೋಡಿಕೊಂಡು ಬಂತು.

ಹಡಗಲಿಯ ಸದಸ್ಯೆ ಟೈಪಿಂಗ್ ಶಾಲೆ ನಡೆಸುವ ಮೇಡಂ. ಅವರ ಫ್ಲಾಪಿ ಮಾತ್ರ ಒಂದು ದಿನವೂ ತಡವಾಗಲಿಲ್ಲ. ಗುಟ್ಟೇನು ಎಂದು ಕೇಳಿದರೆ, "ಮಲ್ಲಿಗಿ ಹೂವಿನ ಪುಟ್ಟಿಯೊಳಗ ಇಟ್ಟು ಕಳಸ್ತೀನ್ರಿ ಸರ. ಹೂವು ಬಾಡ್ತಾವ ಅಂತ ಕಂಡಕ್ಟರ್ ಓಡಿ ಬಂದು ಕೊಡ್ತಾನ. ಫ್ಲಾಪಿ ಬಾಡ್ತೈತಿ ಅಂದ್ರ ನಂಬ್ತಾನೇನ್ರಿ?" ಎಂದರು.

ಪ್ಲಾಸ್ಟಿಕ್ ಚೀಲ ಸುತ್ತಿದ ಫ್ಲಾಪಿಯನ್ನು ನಾನು ಕೇಂದ್ರದಲ್ಲಿ ಇಟ್ಟುಕೊಂಡು ಹೂವನ್ನು ಮನೆಗೆ ಒಯ್ಯುತ್ತಿದ್ದೆ. ಹೆಂಡತಿಯ ಮುಖ ಅರಳಿತು. ಮದುವೆಯಾದ ಹೊಸತರಲ್ಲೂ ನಾನು ಹೀಗೆ ವಾರ ವಾರ ಹೂವು ತಂದವನಲ್ಲ. ಊಟಕ್ಕೆ ಕೂತರೆ ರೊಟ್ಟಿಯ ಮೇಲೆ ಕೇಳದೆಯೇ ಬೆಣ್ಣೆ ಬೀಳತೊಡಗಿತು. ನಾನು ಬಾಯಿ ಬಿಡಲಿಲ್ಲ.

ಒಂದು ದಿನ ಟೈಪಿಂಗ್ ಪರೀಕ್ಷೆಯ ಕೆಲಸಕ್ಕೆ ಕೊಟ್ಟೂರಿಗೆ ಬಂದ ಮೇಡಂ ಮನೆಗೂ ಬಂದರು. ಹೆಂಡತಿಯ ಜಡೆ ನೋಡಿ, "ಅಯ್ಯ, ನಮ್ಮ ಫ್ಲಾಪಿ ಹೂವು! ಎಷ್ಟು ಚಲೋ ಕಾಣ್ತಾವಲ್ರಿ" ಎಂದರು. ಹೆಂಡತಿ ನಗುತ್ತಲೇ ಕಾಫಿ ಕೊಟ್ಟಳು. ನನ್ನ ಕಡೆಗೆ ನೋಡಲಿಲ್ಲ.

ಆ ವಾರ ಸಂತೆಯಿಂದ ನಾನೇ ಮೊಳ ಹಾಕಿಸಿ, ಆರಿಸಿ ಹೂವು ತಂದೆ. ಅವಳು ಬಿಚ್ಚಿ, ಎಲೆ ಎತ್ತಿ, ಅಡಿಯಲ್ಲೆಲ್ಲ ಕೈಯಾಡಿಸಿ ಹೇಳಿದಳು: "ರೀ, ಫ್ಲಾಪಿ ಬಿದ್ದು ಹೋಗೈತಿ ನೋಡ್ರಿ."

ಅವ್ವನ ಕಾವಲು

ಕೂಡ್ಲಿಗಿಯ ಸದಸ್ಯರು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಅವರ ಮನೆತನದಲ್ಲಿ ಸಂಬಳ ಎಂಬುದನ್ನು ಮೊದಲು ಎಣಿಸಿದವರು ಅವರೇ. ಕಂತಿನಲ್ಲಿ ಕಂಪ್ಯೂಟರ್ ತಂದು, ಅದಕ್ಕೆ ನಮ್ಮ ಫ್ಲಾಪಿ ತಿನ್ನಿಸಿ, ಚಾಲೂ ಮಾಡಿ ಶಾಲೆಗೆ ಹೋಗುವರು. ಮನೆಯಲ್ಲಿ ಅವರ ಅವ್ವ ಒಬ್ಬರೇ. ಆ ಅವ್ವ ಪ್ರಾಯವೆಲ್ಲ ಹೊಲದ ಕೂಲಿಯಲ್ಲಿ ಸವೆಸಿದಾಕೆ. ಯಾರೂ ಇಲ್ಲದ ಕೋಣೆಯಲ್ಲಿ ಒಂದು ಯಂತ್ರ ತಾನೇ ದುಡಿಯುವುದು ಅವರಿಗೆ ಸರಿಕಾಣಲಿಲ್ಲ. ಎಲೆ ಅಡಿಕೆ ಚೀಲ ಹಿಡಿದು ಅದರ ಮುಂದೆಯೇ ಕೂತುಬಿಟ್ಟರು. ಕರೆಂಟು ಹೋಗಿ ಬಂದಾಗ ಯಾವ ಗುಂಡಿ ಒತ್ತಬೇಕು ಎಂದು ಮಗ ತೋರಿಸಿಕೊಟ್ಟಿದ್ದ. ಕರೆಂಟು ಬಂದದ್ದೇ ತಡ, ಅವ್ವನ ಬೆರಳು ಗುಂಡಿಯ ಮೇಲೆ.

ನಮ್ಮ ಬಳಗದಲ್ಲಿ ಎಲ್ಲರಿಗಿಂತ ಮೊದಲು ಆ ಮನೆಯ ಕೆಲಸ ಮುಗಿಯುತ್ತಿತ್ತು. ನಾನೇ ಹೋಗಿ, "ಅವ್ವಾ, ನಿಮ್ಮ ಕಂಪ್ಯೂಟರ್ ಭಾಳ ಚಲೋ ದುಡೀತೈತಿ" ಎಂದು ಹೊಗಳಿದೆ.

"ಚಲೋ ಎಲ್ಲಿಂದಪ್ಪ," ಎಂದರು ಅವ್ವ. "ನಾನು ಮುಂದ ಕುಂತೀನಿ ಅಂತ ದುಡೀತೈತಿ. ಒಂದೀಟು ಎದ್ದು ಒಳಗ ಹೋದ್ನೆಂದ್ರ ಪರದಿ ಕಪ್ಪಗ ಮಾಡಿ ಕಣ್ಣು ಮುಚ್ಚಿಬಿಡ್ತೈತಿ ಕಳ್ಳ. ನಾವೂ ಮೇಸ್ತ್ರಿ ಅತ್ಲಾಗ ಹೋದ್ರ ಹಂಗ ಮಾಡ್ತಿದ್ವಿ."

ಸೋಮವಾರ

ಸಾಹುಕಾರರ ಪಾಲು ಮಾತ್ರ ವಾರ ವಾರ ಹಿಂದೆ ಬೀಳುತ್ತಿತ್ತು. ಕಂಪ್ಯೂಟರಿಗೆ ಏನಾಯಿತೋ ಎಂದು ಒಂದು ಸೋಮವಾರ ಹಗರಿಬೊಮ್ಮನಹಳ್ಳಿಗೆ ಹೋದೆ. ಅಂಗಡಿಯಲ್ಲಿ ಗುಮಾಸ್ತ ಕೈಯಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಕಂಪ್ಯೂಟರ್ ಬಂದ್ ಆಗಿದೆ. ಅದರ ಹಣೆಗೆ ವಿಭೂತಿ, ಮೇಲೊಂದು ಕಣಗಿಲೆ ಹೂವು.

"ಕೆಟ್ಟೈತೇನ್ರಿ?" ಎಂದೆ.

"ಕೆಡೋದು ಯಾಕ್ರಿ? ಇವತ್ತು ಸೋಮವಾರ."

ನನಗೆ ತಿಳಿಯಲಿಲ್ಲ. ಸಾಹುಕಾರರು ಬೇಸರಿಸಿಕೊಳ್ಳದೆ ಬಿಡಿಸಿ ಹೇಳಿದರು. "ಸೋಮವಾರ ಬಸವಣ್ಣನ ದಿವಸ. ಎತ್ತಿಗೆ ನೊಗ ಕಟ್ತಾರೇನ್ರಿ?"

"ಇದು ಎತ್ತಲ್ಲಲ್ರಿ, ಸಾಹುಕಾರ್ರ."

"ನಮ್ಮ ಲೆಕ್ಕ ಬರಿಯೋತನ ಇದು ಗುಮಾಸ್ತ ಇದ್ದಂಗಿತ್ತು. ನೀವು ಬಂದು ಹಗಲು ರಾತ್ರಿ ದುಡಿಯಾಕ ಹಚ್ಚಿದ ಮ್ಯಾಲೆ ಎತ್ತಾತು. ಎತ್ತಿಗೆ ವಾರಕ್ಕೊಂದು ದಿನ ಬಿಡುವು ಕೊಡದಿದ್ರ ನಮ್ಮಪ್ಪ ಸುಮ್ಮನ ಇರ್ತಿದ್ದಿಲ್ಲ."

ಈ ಸಂಗತಿಯನ್ನು ನಾನು ಬಾಯಿ ಮುಚ್ಚಿಕೊಂಡು ನುಂಗಬೇಕಾಗಿತ್ತು. ತಮಾಷೆಯೆಂದು ಉಳಿದವರಿಗೆ ಫೋನಿನಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಹರಪನಹಳ್ಳಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನ ಯಜಮಾನರು ನಮ್ಮ ಬಳಗದ ಐದನೆಯವರು. "ಹೌದಲ್ಲ ಸರ್, ನಮಗೆ ಹೊಳೀಲೇ ಇಲ್ಲ ನೋಡ್ರಿ" ಎಂದು ಪಶ್ಚಾತ್ತಾಪಪಟ್ಟು, ಮರುವಾರದಿಂದಲೇ ತಮ್ಮ ಎರಡೂ ಕಂಪ್ಯೂಟರಿಗೆ ರಜೆ ಕೊಟ್ಟರು. ಹಡಗಲಿಯ ಮೇಡಂ ಕೂಡ. ಕೂಡ್ಲಿಗಿಯ ಅವ್ವ ಮಾತ್ರ, "ಕೂಲಿಯೋರಿಗೆ ಎಂಥಾ ಸೋಮವಾರಪ್ಪ" ಎಂದು ಗುಂಡಿ ಒತ್ತುತ್ತಲೇ ಇದ್ದರು.

ನನ್ನ ವಿದ್ಯಾರ್ಥಿಗಳಿಗೂ ಸುದ್ದಿ ಮುಟ್ಟಿತು. ಮುಂದಿನ ಸೋಮವಾರ ಒಬ್ಬನೂ ಕ್ಲಾಸಿಗೆ ಬರಲಿಲ್ಲ. ಮಂಗಳವಾರ ವಿಚಾರಿಸಿದರೆ, "ಅದು ಮಲಗಿರ್ತೈತಿ ಅಂತ ನಾವು ಎಬ್ಬಿಸಾಕ ಬರಲಿಲ್ರಿ ಸರ" ಎಂದರು.

ಮುಯ್ಯಾಳು

ಗಡುವು ಹತ್ತಿರ ಬಂತು. ಸೋಮವಾರಗಳೆಲ್ಲ ಸೇರಿ ದೊಡ್ಡ ಬಾಕಿಯಾಗಿತ್ತು. ಇನ್ನೊಂದು ವಾರದಲ್ಲಿ ಮುಗಿಸದಿದ್ದರೆ ಐದೂರು ಬಳಗದ ಹೆಸರು ಇಲ್ಲವಾಗುತ್ತದೆ. ನನಗೆ ಊಟ ಸೇರದಾಯಿತು. ನಾಚಿಕೆ ಬಿಟ್ಟು ಸಾಹುಕಾರರ ಮುಂದೆ ನಿಂತೆ.

"ಇದೊಂದು ಸೋಮವಾರ ದುಡಿಸಿಬಿಡ್ರಿ. ಹೆಸರಿನ ಪ್ರಶ್ನೆ ಐತಿ."

"ಛೇ ಛೇ. ಹೊಲದಾಗ ಕಳೆ ಹೆಚ್ಚಾದ್ರ ಸೋಮವಾರ ಮುರೀತಾರೇನ್ರಿ? ಮುಯ್ಯಾಳು ಕರೀತಾರ. ಐತವಾರ ಕಳಸ್ತೀನಿ, ಹೋಗ್ರಿ."

ಮುಯ್ಯಾಳು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೂಲಿ ಇಲ್ಲ, ಊಟ ಉಂಟು. ಪೇಟೆಯ ಇತರ ಅಂಗಡಿಯವರ ಕಂಪ್ಯೂಟರಿಗೂ ನಮ್ಮ ಫ್ಲಾಪಿ ಹಂಚುತ್ತಾರೆ ಎಂದುಕೊಂಡು ಒಂದು ಕಟ್ಟು ಫ್ಲಾಪಿ ಸಿದ್ಧಮಾಡಿ ಇಟ್ಟೆ.

ಭಾನುವಾರ ಬೆಳಿಗ್ಗೆ ಮನೆ ಬಾಗಿಲ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರಿನ ತುಂಬ ಹುಲ್ಲು ಹಾಸಿದೆ. ಹುಲ್ಲಿನ ಮೇಲೆ ಅಡತಿ ಪೇಟೆಯ ಅಷ್ಟೂ ಕಂಪ್ಯೂಟರುಗಳು ಕೂತಿವೆ. ಒಂದೊಂದರ ಪಕ್ಕಕ್ಕೂ ಒಬ್ಬೊಬ್ಬ ಮಾಲೀಕ, ತನ್ನದು ಬೀಳದಂತೆ ತಬ್ಬಿ ಹಿಡಿದಿದ್ದಾನೆ.

"ಸಾಹುಕಾರ್ರ, ಇವು ಅಲ್ಲೇ ಕುಂತು ಮಾಡಬೌದಿತ್ತಲ್ರಿ!"

"ಮುಯ್ಯಾಳು ತಮ್ಮ ಮನ್ಯಾಗ ಕುಂತು ನಿಮ್ಮ ಹೊಲದ ಕಳೆ ತಗೀತಾರೇನ್ರಿ? ಇಳಿಸಿಕೊಳ್ರಿ ಮೊದ್ಲು, ಬಿಸಲು ಬಿದ್ದೀತು."

ಇಳಿಸುತ್ತಿರುವಾಗಲೇ ಹರಪನಹಳ್ಳಿಯ ಪ್ರೆಸ್ಸಿನವರು ಟೆಂಪೋದಲ್ಲಿ ಬಂದರು. ಕೂಡ್ಲಿಗಿ ಬಸ್ಸಿನಿಂದ ಮೇಷ್ಟ್ರು ಮಾನಿಟರ್ ಹೊತ್ತು ಇಳಿದರು. ಹಿಂದೆ ಅವ್ವ, ಉಳಿದರ್ಧವನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು. ಹಡಗಲಿಯ ಮೇಡಂ ಕಂಪ್ಯೂಟರಿನ ಜೊತೆಗೆ ಹೂವಿನ ಪುಟ್ಟಿಯನ್ನೂ ತಂದು ನೇರವಾಗಿ ನನ್ನ ಹೆಂಡತಿಯ ಕೈಗೇ ಕೊಟ್ಟರು.

ಇಷ್ಟಕ್ಕೆಲ್ಲ ನನ್ನ ಮನೆಯ ಕರೆಂಟು ಸಾಲದು. ಶಾಮಿಯಾನ ಅಂಗಡಿಯಿಂದ ಮದುವೆ ಜನರೇಟರ್ ತರಿಸಿದೆವು. ಅಂಗಡಿಯವನು ವಾಡಿಕೆಯಂತೆ ಮೈಕನ್ನೂ ತಂದು, ಕಂಬಕ್ಕೆ ಕಟ್ಟಿ ಓಲಗ ಹಚ್ಚಿಬಿಟ್ಟ. ಒಳಗೆ ಕಂಪ್ಯೂಟರುಗಳು ಸಾಲಾಗಿ ಕೂತು ಲೆಕ್ಕ ಮಾಡುತ್ತಿವೆ, ಹೊರಗೆ ನಾದಸ್ವರ. ಅಡುಗೆಮನೆಯಲ್ಲಿ ಹೆಂಡತಿ, ಮೇಡಂ, ಅವ್ವ ಮೂವರೂ ರೊಟ್ಟಿ ಬಡಿಯುತ್ತಿದ್ದಾರೆ. ಎಣ್ಣೆಗಾಯಿಯ ವಾಸನೆ ಬೀದಿಯ ತುದಿಯವರೆಗೆ ಹೋಗಿತ್ತು. ಎದುರು ಮನೆಯ ಅಜ್ಜಿ ಬಂದು, "ಯಾರ ಮದಿವಿ ನಡದೈತವ್ವ?" ಎಂದು ಕೇಳಿದರು.

"ನಮ್ಮ ಮನಿಯೋರದು," ಎಂದಳು ನನ್ನ ಹೆಂಡತಿ, ರೊಟ್ಟಿ ತಿರುವುತ್ತ. "ಹೆಣ್ಣಿನ ಕಡಿಯೋರು ಒಳಗ ಸಾಲಾಗಿ ಕುಂತಾರ, ಹೋಗಿ ನೋಡ್ರಿ."

ಸಂಜೆಯ ಹೊತ್ತಿಗೆ ಕೊನೆಯ ತುಂಡೂ ಮುಗಿಯಿತು. ನಾನು ಫ್ಲಾಪಿಗಳನ್ನು ಕೇಂದ್ರಕ್ಕೆ ಒಯ್ದು, ಫೋನಿನ ತಂತಿ ಹಚ್ಚಿ ಎಲ್ಲವನ್ನೂ ಕಳಿಸಿದೆ. ಎಲ್ಲರೂ ಬೆನ್ನ ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ನಿಮ್ಮ ಪಾಲು ಸಮಯಕ್ಕೆ ಸರಿಯಾಗಿ ಮುಗಿದಿದೆ, ನಿಮ್ಮ ಪಾಲಿನಲ್ಲಿ ನಾವು ಹುಡುಕುವ ಸಂಖ್ಯೆ ಇಲ್ಲ, ವಂದನೆಗಳು.

"ಏನಂತ್ರಿ?" ಎಂದರು ಸಾಹುಕಾರರು.

"ಇಲ್ಲಂತ್ರಿ," ಎಂದೆ. ಹುಲ್ಲು ಹಾಸಿಕೊಂಡು ಬಂದವರಿಗೆ ನಾನು ಹೇಳಬೇಕಾದ ಮಾತೇ ಇದು?

"ಅಷ್ಟ ಅಲ್ಲೇನು? ನಾನು ಎಷ್ಟು ಬೋರು ಕೊರಸೀನಿ, ಬರೀ ಧೂಳು ಬಂದಿದ್ದು. ಅಲ್ಲಿ ನೀರಿಲ್ಲ ಅಂತ ಗೊತ್ತಾತಲ್ಲ. ಇನ್ನೊಬ್ಬಾತ ಬಂದು ಅಲ್ಲೇ ಕೊರೆಯೋದು ತಪ್ಪಿತು. ಹೆಸರು ಬಂದೈತೇನು, ಅದನ್ನ ತೋರಸ್ರಿ."

ಬಂದಿತ್ತು. ಜರ್ಮನಿಯ ಒಂದು ಗುಂಪಿನ ಕೆಳಗೆ, ಐದೂರು ಬಳಗ. ಅದರ ಪಕ್ಕದಲ್ಲಿ ಚಿಕ್ಕ ಅಕ್ಷರಗಳಲ್ಲಿ ಐದೂ ಊರುಗಳು. ಮೇಷ್ಟ್ರು ಒಂದೊಂದನ್ನೂ ಬೆರಳಿಟ್ಟು ತಮ್ಮ ಅವ್ವನಿಗೆ ಓದಿ ಹೇಳಿದರು. ಅವ್ವ ಕೂಡ್ಲಿಗಿ ಬಂದ ಕಡೆ ಪರದೆಯನ್ನು ಸೆರಗಿನಿಂದ ಒರೆಸಿದರು. ನನಗೆ ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ನನಗೆ ಮತ್ತಾವ ಕೆಲಸದಲ್ಲೂ ಆಗಿಲ್ಲ.

ಕೆಲವು ವಾರ ಕಳೆದು ಸಾಹುಕಾರರ ಫೋನ್ ಬಂತು.

"ಸರ, ಶೇಂಗಾ ಕೀಳಾಕ ಬಂದೈತಿ. ಮುಯ್ಯಿ ತೀರಸಾಕ ಯಾವತ್ತು ಬರ್ತೀರಿ?"

ಹೊಲದಲ್ಲಿ ಬಗ್ಗಿ ನಾನು ಒಂದು ಕಡ್ಡಿ ಕಿತ್ತವನಲ್ಲ. ಆದರೂ ಬುದ್ಧಿ ಓಡಿಸಿದೆ.

"ಸಾಹುಕಾರ್ರ, ಅವತ್ತು ದುಡಿಯಾಕ ಬಂದಿದ್ದು ನಿಮ್ಮ ಕಂಪ್ಯೂಟರ್ ಅಲ್ಲೇನ್ರಿ? ನ್ಯಾಯ ಅಂದ್ರ ನ್ಯಾಯ. ನಾನೂ ನನ್ನ ಕಂಪ್ಯೂಟರ್ ಎಲ್ಲಾ ಕಳಸ್ತೀನ್ರಿ."

"ಕಳಸ್ರಿ, ಕಳಸ್ರಿ," ಎಂದರು ಸಾಹುಕಾರರು ಬಹಳ ಸಮಾಧಾನದಿಂದ. "ಬದುವಿನ ಮ್ಯಾಲೆ ಕುಂದ್ರಸ್ತೀನಿ. ನೀವು ಎಷ್ಟು ಗಿಡ ಕಿತ್ರಿ ಅಂತ ಎಣಸಾಕ ಯಾರರ ಬೇಕಲ್ಲ."