ಇರುವೆಗಳಿಗೂ ವಾರದ ರಜೆ

ನಗಿಸಬೇಕೆಂದು ಹೊರಟವರ ಮಾತಿಗೆ ಯಾರೂ ನಗುವುದಿಲ್ಲ. ಮುಖ ಗಂಟಿಕ್ಕಿಕೊಂಡು ಇರುವೆ ಎಣಿಸಲು ಕೂತವಳ ಸುತ್ತ ಮಾತ್ರ ದಿನಕ್ಕೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ನಾನು ಎಣಿಸಿದವಳು. ನಗು ನನಗೆ ಆಗ ಬರಲಿಲ್ಲ, ಆಮೇಲೆ ಬಂತು.

ಒಂದು ತಿಂಗಳ ಗಡುವು

ಎಪ್ಪತ್ತರ ದಶಕ. ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ್ದೆ. ಕಂಪ್ಯೂಟರ್ ಎಂದರೆ ಆಗ ಒಂದು ಕೋಣೆ ತುಂಬ ಕೂತಿರುತ್ತಿದ್ದ ಯಂತ್ರ. ಅದಕ್ಕೆ ಬುದ್ಧಿ ಕಲಿಸಬೇಕಾದರೆ ಮನುಷ್ಯನನ್ನೇ ಯಾಕೆ ನೋಡಬೇಕು, ಇರುವೆಯನ್ನು ಯಾಕೆ ನೋಡಬಾರದು ಎಂಬ ಹುಚ್ಚು ನನ್ನ ತಲೆಗೆ ಹೊಕ್ಕಿತ್ತು. ಒಂದು ಇರುವೆ ಬರೀ ಪೆದ್ದು. ನಡೆದ ದಾರಿಯಲ್ಲಿ ವಾಸನೆ ಬಿಡುತ್ತದೆ, ವಾಸನೆ ಹೆಚ್ಚಿರುವ ಕಡೆಗೆ ಹೋಗುತ್ತದೆ, ಅಷ್ಟೇ. ಆದರೂ ಎಲ್ಲ ಸೇರಿ ಹತ್ತಿರದ ದಾರಿಯನ್ನೇ ಹಿಡಿಯುತ್ತವೆ. ಆ ಗುಟ್ಟನ್ನು ಯಂತ್ರಕ್ಕೆ ಹೇಳಿಕೊಡಬೇಕು ಎಂಬುದು ನನ್ನ ಆಸೆ.

ನನ್ನ ಗೈಡು ನಕ್ಕದ್ದನ್ನು ಕಂಡವರಿರಲಿಲ್ಲ. “ಒಂದು ತಿಂಗಳು ಕೊಡ್ತೀನಿ. ಹತ್ತಿರದ ದಾರಿ ಹಿಡಿಯುತ್ತೆ ಅಂತ ಎಣಿಸಿ ತೋರಿಸು. ಇಲ್ಲದಿದ್ರೆ ಬೇರೆ ಗೈಡನ್ನ ನೋಡ್ಕೋ,” ಎಂದರು. ಬೇರೆ ಗೈಡು ಇರಲಿಲ್ಲ. ಅಂದರೆ ಗಂಟುಮೂಟೆ ಕಟ್ಟಿಕೊಂಡು ಮಳವಳ್ಳಿಗೆ ವಾಪಸು. ಅಲ್ಲಿ ಸ್ಕೂಲು ಮೇಷ್ಟ್ರಾಗಿದ್ದ ನಮ್ಮಪ್ಪ, ಹೆಣ್ಣುಮಗಳನ್ನು ಇಷ್ಟು ಓದಿಸುವುದು ಯಾಕೆ ಎಂದವರಿಗೆಲ್ಲ ಎದುರು ನಿಂತು ನನ್ನನ್ನು ಕಳಿಸಿದ್ದರು. ಅವರ ಮುಖ ನೆನೆಯುತ್ತ ಎದ್ದೆ. ಬಾಗಿಲ ತನಕ ಹೋದವಳನ್ನು ಗೈಡು ಕರೆದರು.

“ಒಂದು ತಿಂಗಳು ಅಂತ ಇರುವೆಗಳಿಗೂ ತಿಳಿಸಿಬಿಡು.”

ಅವರು ತಮಾಷೆಗೆ ಹೇಳಿದ್ದಲ್ಲ.

ಕಟ್ಟೆಯ ಮೇಲಿನ ತೀರ್ಪು

ಇರುವೆ ಬೇಕಾದರೆ ಬೆಲ್ಲ ಇರುವಲ್ಲಿಗೆ ಹೋಗಬೇಕು. ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ನಮ್ಮ ದೊಡ್ಡಪ್ಪನ ಆಲೆಮನೆ ಇತ್ತು. ಅಲ್ಲಿ ಕಬ್ಬು ಅರೆದು ಅಚ್ಚುಬೆಲ್ಲ ಮಾಡುತ್ತಿದ್ದರು. ನಮ್ಮ ಅಜ್ಜಿ ಇದ್ದದ್ದೂ ದೊಡ್ಡಪ್ಪನ ಮನೆಯಲ್ಲೇ, ನಾನೂ ಅಲ್ಲೇ ಉಳಿದುಕೊಂಡೆ. ಹಿಂದೆ ಒಂದು ಹೊಂಗೆಮರ, ಅದರ ಬುಡದಲ್ಲಿ ಕಪ್ಪು ಇರುವೆಗಳ ಗೂಡು. ಗೂಡಿನಿಂದ ಬೆಲ್ಲದ ಅಚ್ಚಿನವರೆಗೆ ಬಿದಿರು ಸೀಳಿನಲ್ಲಿ ಎರಡು ಸೇತುವೆ ಕಟ್ಟಿದೆ, ಒಂದು ನೇರ, ಒಂದು ಸುತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಎದುರಿಗೆ ಕೂತು ಯಾವುದರ ಮೇಲೆ ಎಷ್ಟು ಹೋದವು ಎಂದು ಬರೆಯುವುದೇ ಕೆಲಸ.

ಎರಡೇ ದಿನಕ್ಕೆ ಊರೆಲ್ಲ ಸುದ್ದಿಯಾಯಿತು. ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯ ಗೌಡರೊಬ್ಬರು ನನ್ನನ್ನು ಕರೆದು ಕೇಳಿದರು: “ಏನವ್ವಾ, ಇರ್ವೆ ನೋಡಿ ಮಿಸಿನ್ನಿಗೆ ಬುದ್ದಿ ಯೋಳ್ಕೊಡ್ತೀಯಂತೆ? ಇರ್ವೆಗೇನು ಗೊತ್ತದೆ?”

“ಒಂದೊಂದಕ್ಕೆ ಏನೂ ಗೊತ್ತಿಲ್ಲ ತಾತ. ಎಲ್ಲ ಒಟ್ಟಾದರೆ ಬುದ್ಧಿ ಬರುತ್ತೆ.”

ಗೌಡರು ಕಟ್ಟೆಯ ಮೇಲಿದ್ದ ಮಿಕ್ಕವರನ್ನು ಒಮ್ಮೆ ನೋಡಿದರು. “ನಮ್ ಪಂಚಾಯ್ತೀಲಿ ತಿರುಗಾ ಮುರುಗಾ ಕಣವ್ವ,” ಎಂದರು. “ಒಬ್ಬೊಬ್ರೇ ಸಿಕ್ಕುದ್ರೆ ಎಲ್ರೂ ಬುದ್ದಿವಂತ್ರೇ.”

ಗೆದ್ದಲು

ಯಂತ್ರಕ್ಕೆ ಲೆಕ್ಕ ಕೊಡಬೇಕಾದರೆ ಆಗ ರಟ್ಟಿನ ಕಾರ್ಡುಗಳಲ್ಲಿ ಸಣ್ಣ ಸಣ್ಣ ತೂತು ಹೊಡೆದು ಕೊಡಬೇಕಿತ್ತು. ಬೆಂಗಳೂರಿನಲ್ಲೇ ತೂತು ಹೊಡೆಸಿ ತಂದ ಮುನ್ನೂರು ಕಾರ್ಡು ನನ್ನ ಹತ್ತಿರ ಇದ್ದವು. ಒಂದಾದ ಮೇಲೊಂದು ವರಸೆ ತಪ್ಪದೆ ಇರಬೇಕು, ತಪ್ಪಿದರೆ ಯಂತ್ರಕ್ಕೆ ತಲೆಬುಡ ತಿಳಿಯುವುದಿಲ್ಲ. ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಹೋದರೆ ಅಂಗಳದಲ್ಲಿ ಚಾಪೆ ಹಾಸಿದೆ, ಚಾಪೆಯ ಮೇಲೆ ಬಿಸಿಲಿಗೆ ನನ್ನ ಕಾರ್ಡುಗಳು. ಅರ್ಧದಷ್ಟನ್ನು ದೊಡ್ಡಪ್ಪ ಆಗಲೇ ಆರಿಸಿ ಜೋಡಿಸಿದ್ದರು. ಅಕ್ಕಿಯ ಡಬ್ಬ ಹುಡುಕಲು ಹೋದವರಿಗೆ ಟ್ರಂಕು ಕಂಡು, ತೆಗೆದು ನೋಡಿ, ಗಾಬರಿಯಾಗಿದ್ದರು.

“ಇರ್ವೆ ಓದಾಕೋಗಿ ಕಾಗ್ದವೆಲ್ಲ ಗೆದ್ಲುಗೆ ಕೊಟ್ಟಿದ್ದೀಯಲ್ಲ ಮಗಾ. ಎಂಗೆ ತೂತು ಮಾಡವೆ ನೋಡು.”

ನಾನು ಚಾಪೆಯ ಪಕ್ಕದಲ್ಲೇ ಕುಕ್ಕರಿಸಿದೆ. ನಾನು ನೊಂದುಕೊಂಡೆನೆಂದು ತಿಳಿದು ಅವರು ಸಮಾಧಾನ ಹೇಳಿದರು. “ಯೋಚ್ನೆ ಮಾಡ್ಬ್ಯಾಡ ಬುಡು. ಕಮ್ಮಿ ತಿಂದಿರವನ್ನ ಮ್ಯಾಲಿಟ್ಟಿವ್ನಿ, ಜಾಸ್ತಿ ತಿಂದಿರವು ತಳದಲ್ಲವೆ.”

ಮತ್ತೆ ವರಸೆಗೆ ತರಲು ಎರಡು ದಿನ ಹಿಡಿಯಿತು. ತೂತಿನ ಲೆಕ್ಕದಲ್ಲಿ ನೋಡಿದರೆ ಅವರ ಜೋಡಣೆಯಲ್ಲಿ ತಪ್ಪೇನೂ ಇರಲಿಲ್ಲ, ಒಂದೇ ಒಂದು ಕಾರ್ಡೂ ಆಚೀಚೆ ಆಗಿರಲಿಲ್ಲ.

ಶನಿವಾರ

ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಬೆಳಿಗ್ಗೆ ಎರಡೂ ಸೇತುವೆಯ ಮೇಲೆ ಅಡ್ಡಾಡುತ್ತಿದ್ದ ಇರುವೆಗಳು ಮಧ್ಯಾಹ್ನದ ಹೊತ್ತಿಗೆ ನೇರ ಸೇತುವೆಗೆ ಬಂದುಬಿಡುತ್ತಿದ್ದವು. ಆದರೆ ಶನಿವಾರ ಒಂದೂ ಬರಲಿಲ್ಲ. ಭಾನುವಾರ ಬಂದವು. ಮುಂದಿನ ಶನಿವಾರವೂ ಇಲ್ಲ. ಮೂರನೆಯ ಶನಿವಾರವೂ ಬೆಲ್ಲದ ಅಚ್ಚು ಅನಾಥವಾಗಿ ಕೂತಿತ್ತು.

ಇರುವೆಗಳು ಏಳು ದಿನದ ಲೆಕ್ಕ ಇಡುತ್ತವೆ, ಒಂದು ದಿನ ವಿಶ್ರಾಂತಿ ತೆಗೆದುಕೊಳ್ಳುತ್ತವೆ ಎಂದು ಲೋಕದಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ನನ್ನೊಬ್ಬಳಿಗೇ ಕಂಡಿದೆ. ಆರು ಪುಟದ ಕಾಗದ ಬರೆದು ಗೈಡಿಗೆ ಹಾಕಿದೆ. ಉತ್ತರ ಒಂದು ಅಂಚೆ ಕಾರ್ಡಿನಲ್ಲಿ ಬಂತು, ಒಂದೇ ಸಾಲು: “ಈ ಶನಿವಾರ ಬರುತ್ತೇನೆ.”

ಗಡುವಿನ ಕೊನೆಯ ದಿನವೂ ಅದೇ ಶನಿವಾರ.

ಅವರು ಮದ್ದೂರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು, ಧೂಳು ಮೆತ್ತಿದ ಬೂಟಿನಲ್ಲೇ ಆಲೆಮನೆಯ ಹಿಂದಕ್ಕೆ ಬಂದರು. ಮಣೆ ಹಾಕಿ ಕೂರಿಸಿದೆ. ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಒಂದು ಗಂಟೆ ಕೂತರು. ಒಂದೇ ಒಂದು ಇರುವೆ ಬರಲಿಲ್ಲ. ಗೈಡು “ಹೂಂ” ಎಂದರು. ಅವರ ಬಾಯಲ್ಲಿ ಅಷ್ಟು ದೊಡ್ಡ ಹೊಗಳಿಕೆಯನ್ನು ನಾನು ಕೇಳಿರಲಿಲ್ಲ.

ಆಮೇಲೆ ಕಾಲು ಜೋಮು ಹಿಡಿಯಿತೆಂದು ಎದ್ದು ಹೊಂಗೆಮರವನ್ನು ಒಂದು ಸುತ್ತು ಬಂದರು. ಆಚೆ ಬದಿಯಿಂದ ನನ್ನ ಹೆಸರು ಹಿಡಿದು ಕರೆದರು.

ಗೂಡಿಗೆ ಆಚೆಯೂ ಒಂದು ಬಾಯಿ ಇತ್ತು. ಅದರ ಮುಂದೆ ರವೆ, ಸಕ್ಕರೆ ಚೆಲ್ಲಿತ್ತು. ನೆಲವೇ ಕಾಣದಷ್ಟು ಇರುವೆ. ಪಕ್ಕದಲ್ಲಿ ನಮ್ಮ ಅಜ್ಜಿ, ಮಡಿಲಲ್ಲಿ ಇನ್ನಷ್ಟು ರವೆ ಕಟ್ಟಿಕೊಂಡು ಕೂತಿದ್ದರು. ತಿಂಗಳಿಡೀ ಸೇತುವೆ ಬಿಟ್ಟು ಕಣ್ಣೆತ್ತದ ನಾನು ಆ ಕಡೆ ಒಮ್ಮೆಯೂ ಹೋಗಿರಲಿಲ್ಲ.

“ಇದೇನಜ್ಜಿ?” ಎಂದೆ.

“ಊಟ ನಿದ್ದೆ ಬುಟ್ಟು ಕುಂತಿದ್ದೀಯ, ಏನೋ ಸನಿ ಕಾಟ, ಇರ್ವೆಗೆ ರವೆ ಆಕುದ್ರೆ ಬುಟ್ಟೋಯ್ತದೆ ಅಂತ ಸನಿವಾರ ಸನಿವಾರ ಆಕ್ತಿವ್ನಿ ಕಣವ್ವ. ನಿನ್ ಲೆಕ್ಕುಕ್ಕೆ ಅಡ್ಡಿ ಆಗ್ಬಾರ್ದು ಅಂತ ಇಂದ್ಗಡೆ ಆಕ್ದೆ.”

ನನಗೆ ಅಳು ಬಂತು. ಅಜ್ಜಿಯ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಓದು ಬರಹ ಬಾರದ ಅವರು, ನಾನು ಗೆಲ್ಲಲೆಂದು ಮಾಡಬಲ್ಲದ್ದನ್ನು ಮಾಡಿದ್ದರು.

ಗೈಡು ಬಗ್ಗಿ ಗೂಡಿನ ಬಾಯಿಂದ ರವೆಯವರೆಗೆ ಗೇಣು ಹಾಕಿದರು. ಅರ್ಧ ಗೇಣೂ ಇರಲಿಲ್ಲ. ಎದ್ದು ಕೈಯ ಮಣ್ಣು ಕೊಡವಿ ಹೇಳಿದರು: “ನೀನು ಎರಡು ದಾರಿ ಹಾಕಿದೆ. ಅಜ್ಜಿ ಮೂರನೇದು ಹಾಕಿದ್ದಾರೆ. ಯಾವುದು ಹತ್ತಿರವೋ ಅದನ್ನೇ ಹಿಡಿದಿವೆ. ವಾರದ ರಜೆ ಅನ್ನೋದು ಹೊಡೆದುಹಾಕು. ಮಿಕ್ಕದ್ದು ಸರಿಯಿದೆ. ಸೋಮವಾರ ಬಂದು ಕೆಲಸ ಶುರು ಮಾಡು.”

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅಜ್ಜಿಗೆ ಅರ್ಥವಾದದ್ದು ಸೋಮವಾರ ಎಂಬುದಷ್ಟೇ.

“ನಮ್ ಕೂಸು ಪಾಸಾ ಸ್ವಾಮಿ?”

“ಇನ್ನೂ ಇಲ್ಲ ಅಮ್ಮ,” ಎಂದರು ಗೈಡು ಗಂಭೀರವಾಗಿ. “ಇರುವೆ ಒಪ್ಪಿದೆ, ನಾನೂ ಒಪ್ಪಿದ್ದೀನಿ. ಇನ್ನು ಬೆಂಗಳೂರಲ್ಲಿರೋ ಯಂತ್ರ ಒಪ್ಪಬೇಕು.”

ಅಜ್ಜಿ ಮಡಿಲಲ್ಲಿ ಉಳಿದಿದ್ದ ರವೆಯನ್ನು ನೋಡಿಕೊಂಡರು, ಗೈಡನ್ನು ನೋಡಿದರು.

“ಅದೇನ್ ತಿಂತದೆ ಯೋಳಿ ಸ್ವಾಮಿ. ಬರೋ ಸನಿವಾರದೊತ್ಗೆ ಕಳಿಸ್ತೀನಿ.”