ಜನರೇ ಇಲ್ಲದ ಒಂದು ಫೋಟೋ

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡವನನ್ನು ಫಜೀತಿ ಹುಡುಕಿಕೊಂಡು ಬರುತ್ತದೆ. ಕೊಪ್ಪದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ಉಪನಯನ, ಗೃಹಪ್ರವೇಶ ಅಂತ ಸುತ್ತುವ ನನಗೆ ಇದು ಹೊಸತಲ್ಲ. ಊರು ಬಿಟ್ಟು ಹೋದರಾದರೂ ತಪ್ಪೀತು ಎಂದುಕೊಂಡು ಯುರೋಪ್ ಟೂರಿಗೆ ಹೆಸರು ಕೊಟ್ಟೆ. ಸುದ್ದಿ ತಿಳಿದು ಜಯಪುರದ ನನ್ನ ಸೋದರತ್ತೆಯೂ ಮಾವನೂ ಹೊರಟರು. ಎನ್.ಆರ್.ಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಯಜಮಾನರೊಬ್ಬರೂ ಸೇರಿಕೊಂಡರು. ಫಜೀತಿಗೂ ಟಿಕೆಟ್ ಆಯಿತು ಅಂತ ನನಗೆ ಆಗ ಗೊತ್ತಾಗಲಿಲ್ಲ.

ನನ್ನದು ಒಂದೇ ಆಸೆ. ಜೀವಮಾನವಿಡೀ ಜನರನ್ನೇ ತೆಗೆದು ಸಾಕಾಗಿತ್ತು. ಒಂದಾದರೂ ಜನರಿಲ್ಲದ ಫೋಟೋ ಬೇಕು. ಫ್ರಾಂಕ್‌ಫರ್ಟಿನಲ್ಲಿ ನದಿಯಾಚೆ ಸಾಲಾಗಿ ನಿಂತ ಎತ್ತರದ ಕಟ್ಟಡಗಳು, ಆಕಾಶ ಇನ್ನೂ ನೀಲಿಯಾಗಿರುವಾಗ ಹತ್ತುವ ದೀಪಗಳು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸ್ಟುಡಿಯೋ ಗೋಡೆಗೆ ತೂಗುಹಾಕಬೇಕು. ಆ ಊರಿಗೆ ಟೂರಿನವರು ಕೊಟ್ಟದ್ದು ಒಂದೇ ಸಂಜೆ.

ಮೂರು ಕಾಲಿನದ್ದು

ಮಧ್ಯಾಹ್ನ ಹೋಟೆಲಿನಲ್ಲಿ ನೋಡಿದರೆ ಟ್ರೈಪಾಡ್ ಇಲ್ಲ! ಕತ್ತಲಾಗುವ ಹೊತ್ತಿನ ಫೋಟೋಗೆ ಅದಿಲ್ಲದೆ ಕೈಕಾಲೇ ಆಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಬಿಟ್ಟೆನೇ, ಬಸ್ಸಿನಲ್ಲಿ ಬಿಟ್ಟೆನೇ ಅಂತ ಬೆವರುತ್ತಾ ಅತ್ತೆಯ ರೂಮಿನ ಬಾಗಿಲು ತಟ್ಟಿದೆ. ಕಿಟಕಿಯ ಪಕ್ಕದಲ್ಲಿ ನನ್ನ ಟ್ರೈಪಾಡ್ ಕಾಲಗಲಿಸಿ ನಿಂತಿತ್ತು. ಮೇಲೆ ಮಾವನ ಪಂಚೆ, ಪಂಚೆಯ ಮೇಲೆ ಎರಡು ಬನಿಯನ್.

"ಅತ್ತೆ, ಎಂತ ಇದು!"

"ಮತ್ತೆಂತ ಮಾಡೋದು ಮಾರಾಯ? ಇಷ್ಟು ದೊಡ್ಡ ಹೋಟ್ಲು ಕಟ್ಟಿದಾರೆ, ಬಟ್ಟೆ ಒಣಗಿಸ್ಲಿಕ್ಕೆ ಒಂದು ಹಗ್ಗ ಕಟ್ಟಿಲ್ಲ."

ನಾನು ಪಂಚೆ ತೆಗೆಯಲು ಕೈಹಾಕಿದೆ.

"ಮುಟ್ಟಬೇಡ," ಎಂದರು ಅತ್ತೆ. "ಇನ್ನೊಂದು ಬದಿ ಒಣಗ್ಲಿ."

ಯಜಮಾನರ ಚಿಂತೆ

ಸಂಜೆ ನದಿಯ ದಡಕ್ಕೆ ಬಂದಾಗ ಕಟ್ಟಡಗಳನ್ನು ನೋಡಿ ನನಗೆ ಕುಣಿಯುವ ಹಾಗಾಯಿತು. ಅಷ್ಟು ಖುಷಿಯಾಯಿತು. ಎನ್.ಆರ್.ಪುರದ ಯಜಮಾನರು ಮಾತ್ರ ಹುಬ್ಬು ಗಂಟು ಹಾಕಿಕೊಂಡು ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ನೋಡುತ್ತಿದ್ದರು. ತಗಡು, ಹೆಂಚು, ಬೋಲ್ಟು ಮಾರಿದ ಕಣ್ಣು ಅದು.

"ಪೂರ್ತಿ ಗಾಜು," ಎಂದರು.

"ಹೌದು ಸಾರ್."

"ಮಂಗ ಬಂದು ಒಡೆದ್ರೆ ಎಂತ ಮಾಡ್ತಾರೆ?"

"ಇಲ್ಲಿ ಮಂಗ ಇಲ್ಲ ಸಾರ್."

"ಒಂದೂ ಇಲ್ಲ?"

"ಒಂದೂ ಇಲ್ಲ."

ಅವರು ಇನ್ನೊಮ್ಮೆ ಕಟ್ಟಡದ ತುದಿಯವರೆಗೆ ಕಣ್ಣು ಹಾಯಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು: "ಅದಕ್ಕೇ ಮಾರಾಯ್ರೆ ಇವರು ಇಷ್ಟು ಮುಂದೆ ಬಂದದ್ದು."

ಸೇತುವೆಯ ಮೇಲೆ ಮದುವೆ

ನಡೆದು ಹೋಗುವವರಿಗೆಂದೇ ಅಲ್ಲೊಂದು ಸೇತುವೆ ಇದೆ. ಟ್ರೈಪಾಡ್ ನಿಲ್ಲಿಸಿ ಕಣ್ಣಿಟ್ಟರೆ ಎದುರಿಗೆ ಅತ್ತೆ, ಮಾವ, ಯಜಮಾನರು. ಮೂವರೂ ಕೈ ಕೆಳಗೆ ಬಿಟ್ಟು, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಸರಿ, ಒಂದು ತೆಗೆದೆ. ಅವರು ಕದಲಲಿಲ್ಲ. ಇನ್ನೊಂದು ತೆಗೆದೆ.

ಅಷ್ಟರಲ್ಲಿ ಆ ಊರಿನ ಗಂಡ ಹೆಂಡತಿ ಇಬ್ಬರು ನಡೆದು ಬಂದರು. ಫೋಟೋಗೆ ಅಡ್ಡ ಬರಬಾರದು ಎಂದು ಮರ್ಯಾದೆಯಿಂದ ಪಕ್ಕದಲ್ಲಿ ನಿಂತುಕೊಂಡರು. ಅತ್ತೆಗೆ ಅದು ಬೇರೆಯೇ ಕಂಡಿತು. ನಮ್ಮ ಕಡೆ ಮದುವೆ ಮಂಟಪದ ಪಕ್ಕದಲ್ಲಿ ಯಾರಾದರೂ ಹಾಗೆ ನಿಂತರೆ ಫೋಟೋಗೆ ಅವರ ಸರದಿ ಬಂತು ಎಂದೇ ಅರ್ಥ. ಕರೆಯದೆ ಬಿಟ್ಟರೆ ಆಯುಷ್ಯವಿಡೀ ಬೇಜಾರು.

"ಬನ್ನಿ ಬನ್ನಿ, ದೂರ ಎಂತಕ್ಕೆ ನಿಂತದ್ದು?" ಎಂದು ಅತ್ತೆ ಆ ಹೆಂಗಸಿನ ಕೈಹಿಡಿದು ಎಳೆದೇಬಿಟ್ಟರು. ಅವರ ಹಿಂದೆ ಸೈಕಲ್ಲಿನವನೊಬ್ಬ ನಿಂತ. ಅವನನ್ನೂ ಕರೆದರು. ನಾಯಿ ಹಿಡಿದುಕೊಂಡು ಬಂದ ಅಜ್ಜಿಯನ್ನೂ ಬಿಡಲಿಲ್ಲ. ಎಲ್ಲರೂ ನಗುನಗುತ್ತಾ ಸಾಲು ನಿಂತರು. ಹಿಂದೆ ಕಟ್ಟಡಗಳಲ್ಲಿ ದೀಪ ಹತ್ತುತ್ತಿದೆ, ಆಕಾಶದ ನೀಲಿ ಕಪ್ಪಾಗುತ್ತಿದೆ. ನನಗೆ ಅಳುವೇ ಬರುವ ಹಾಗಾಯಿತು.

ಆಗ ಹೊಳೆಯಿತು. ಮಂಟಪ ಖಾಲಿ ಮಾಡಿಸುವ ಮಂತ್ರ ಒಂದೇ ಒಂದು. ಗಂಟಲು ಹರಿಯುವ ಹಾಗೆ ಕೂಗಿದೆ: "ಎಲೆ ಹಾಕಿದ್ರು! ಊಟಕ್ಕೆ ಏಳಿ!"

ಮೂವರೂ ಓಟ! ಅವರು ಓಡಿದ್ದು ಕಂಡು ಏನೋ ಅನಾಹುತವಾಗಿದೆ ಎಂದು ಗಂಡ ಹೆಂಡತಿ, ಸೈಕಲ್ಲು, ಅಜ್ಜಿ, ನಾಯಿ ಎಲ್ಲವೂ ಓಡಿದವು. ಖಾಲಿ ಸೇತುವೆಯ ಮೇಲೆ ನಿಂತು ಜನ್ಮಕ್ಕೊಂದೇ ಸಲ ಸಿಗುವ ಫೋಟೋ ತೆಗೆದೆ. ಹಿಂದಿನಿಂದ ಯಜಮಾನರ ಧ್ವನಿ ಮಾತ್ರ ಕೇಳುತ್ತಿತ್ತು: "ಎಲ್ಲಿ ಮಾರಾಯ್ರೆ, ಯಾವ ಪಂಕ್ತಿ?"

ಗೋಡೆಯ ಮೇಲೆ

ಗೋಡೆ ತುಂಬುವಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಸ್ಟುಡಿಯೋ ಬಾಗಿಲು ತೆಗೆದಾಗಲೆಲ್ಲ ಅದನ್ನು ನೋಡಿ ಹೆಮ್ಮೆಪಡುತ್ತಿದ್ದೆ. ಬೇಗಾರು ಎಂಬ ಊರಿನಿಂದ ಮಗಳ ಮದುವೆಯ ಫೋಟೋಗ್ರಫಿಗೆ ಮಾತಾಡಲು ಒಬ್ಬರು ಬಂದರು. ಫೋಟೋ ಎದುರು ಬಹಳ ಹೊತ್ತು ನಿಂತರು.

"ನೀವೇ ತೆಗೆದದ್ದಾ?"

"ಹೌದು," ಎಂದೆ ಎದೆಯುಬ್ಬಿಸಿ.

"ಇಷ್ಟು ದೊಡ್ಡ ಊರಲ್ಲಿ ನಿಮಗೆ ಒಬ್ಬರೂ ಸಿಗ್ಲಿಲ್ವಾ?" ಎಂದರು. "ನಮ್ಮಲ್ಲಿ ನೆಂಟರು ಜಾಸ್ತಿ. ಒಬ್ಬರನ್ನ ಬಿಟ್ರೂ ಕಷ್ಟ. ನಾನು ಬೇರೆ ಕಡೆ ನೋಡ್ತೇನೆ." ಹೋಗಿಯೇಬಿಟ್ಟರು.

ಅತ್ತೆಯದು ಅದಕ್ಕಿಂತ ಜೋರು. ಸ್ಟುಡಿಯೋಗೆ ಬಂದು ಫೋಟೋ ನೋಡಿದವರೇ ಮುಖ ತಿರುಗಿಸಿದರು. "ಕರ್ಕೊಂಡು ಹೋದವರನ್ನೇ ಬಿಟ್ಟು ತೆಗೆದ್ಯಾ? ನಾವೆಂತ ಪರದೇಶದವರಾ?" ಎಂದು ಹೊರಟವರು ಆಮೇಲೆ ನನ್ನ ಫೋನೇ ಎತ್ತಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿಕೊಂಡು ಆಡಿಸಿದ ಅತ್ತೆ ಅವರು. ನನಗೆ ನಿಜವಾಗಿಯೂ ಸಂಕಟವಾಯಿತು. ಫೋಟೋ ಹಾಳಾಗಲಿ, ಅತ್ತೆ ಮಾತಾಡಿದರೆ ಸಾಕು ಅನ್ನಿಸಿತು.

ಕಂಪ್ಯೂಟರಿನ ಮುಂದೆ ಕೂತೆ. ಸೇತುವೆಯ ಮೇಲೆ ಮೊದಲು ತೆಗೆದ ಫೋಟೋದಿಂದ ಮೂವರನ್ನೂ ಬಿಡಿಸಿ ತಂದು, ನನ್ನ ಆ ಜನ್ಮಕ್ಕೊಂದು ಫೋಟೋದ ನಡುಮಧ್ಯೆ ದೊಡ್ಡದಾಗಿ ಕೂರಿಸಿದೆ. ಮಾವನ ತಲೆ ಒಂದು ಕಟ್ಟಡವನ್ನು ನುಂಗಿತು, ಯಜಮಾನರ ಭುಜ ಇನ್ನೆರಡನ್ನು. ಹೊಸ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಜಯಪುರಕ್ಕೆ ನಾನೇ ಹೊತ್ತುಕೊಂಡು ಹೋದೆ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಮುಖ ಅರಳಿತು.

"ಈಗ ನೋಡು, ಫೋಟೋ ಅಂದ್ರೆ ಇದು! ಕೂತ್ಕೋ, ಕಾಫಿ ತರ್ತೇನೆ."

ನನಗೆ ಹೋದ ಜೀವ ಬಂತು. ಒಳಗೆ ಹೊರಟ ಅತ್ತೆ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಫೋಟೋ ನೋಡಿದರು.

"ಆದ್ರೆ ಹಿಂದೆ ಒಂದಷ್ಟು ಕಟ್ಟಡ ಅಡ್ಡ ಬಂದಿದಾವಲ್ಲ ಮಾರಾಯ. ಅದನ್ನ ತೆಗೀಲಿಕ್ಕೆ ಆಗ್ತದಾ?"